‘ದೋನಾ ನೋಬಿಸ್ ಪಾಚೆಮ್’: ಇಲ್ಲಿ ‘ನಮಗೆ’ ಎಂದರೆ ಯಾರಿಗೆ?

ಆಲ್ಟೊ ಸಾಲಿನವಳು:
ಎಲ್ಲರಿಗೂ ನಮಸ್ಕಾರ. ಒಂದು ಅನುವಾದಕ್ಕೆ ನಿಮ್ಮ ನೆರವು ಕೇಳಲು ಬಂದಿದ್ದೇನೆ. ಹೇಳಬೇಕಾದದ್ದು ಸ್ವಲ್ಪ ಉದ್ದವಿದೆ, ಬೇಸರಿಸದೆ ಓದಿ.

ನಾನು ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಷೈರ್‌ನಲ್ಲಿದ್ದೇನೆ. ಮಂಗಳವಾರ ಸಂಜೆಗಳಲ್ಲಿ ಊರಿನ ಹವ್ಯಾಸಿ ಕ್ವಾಯರ್ ಒಂದರಲ್ಲಿ ಹಾಡುತ್ತೇನೆ. ನನ್ನದು ಆಲ್ಟೊ, ಅಂದರೆ ಹೆಂಗಸರ ಕೆಳದನಿಯ ಸಾಲು. ಯುದ್ಧದಲ್ಲಿ ಮಡಿದವರನ್ನು ಇಲ್ಲಿ ನವೆಂಬರ್‌ನಲ್ಲಿ ಸ್ಮರಿಸುತ್ತಾರೆ. ಈ ಸಲ ಆ ವಾರಕ್ಕೆ ನಾವು ಇಂಗ್ಲೆಂಡಿನ ಸಂಗೀತಗಾರ ರಾಲ್ಫ್ ವಾನ್ ವಿಲಿಯಮ್ಸ್ ಅವರ ‘ದೋನಾ ನೋಬಿಸ್ ಪಾಚೆಮ್’ ಕ್ಯಾಂಟಾಟಾವನ್ನು ಹಾಡುತ್ತಿದ್ದೇವೆ. ಕ್ಯಾಂಟಾಟಾ ಎಂದರೆ ಏಕಗಾಯಕರು, ವೃಂದಗಾನ, ವಾದ್ಯವೃಂದ ಮೂರೂ ಕೂಡಿ ಹಾಡುವ, ವೇಷವೂ ರಂಗಸಜ್ಜಿಕೆಯೂ ಇಲ್ಲದ ದೊಡ್ಡ ಕೃತಿ. ಇದು ಸುಮಾರು ಮೂವತ್ತೈದರಿಂದ ನಲವತ್ತು ನಿಮಿಷ ನಡೆಯುತ್ತದೆ. ಒಬ್ಬ ಸೊಪ್ರಾನೊ (ಹೆಂಗಸರ ಮೇಲುದನಿ) ಗಾಯಕಿ, ಒಬ್ಬ ಬ್ಯಾರಿಟೋನ್ (ಗಂಡಸರ ನಡುದನಿ) ಗಾಯಕ, ಅವರ ಹಿಂದೆ ನಾವು.

ಇದು ಹುಟ್ಟಿದ್ದು ನಾನಿರುವ ಊರಿನ ನೆರೆಯಲ್ಲೇ. ಉಣ್ಣೆಯ ಗಿರಣಿಗಳ ಪಟ್ಟಣವಾದ ಹಡರ್ಸ್‌ಫೀಲ್ಡ್‌ನ ಕೋರಲ್ ಸೊಸೈಟಿ 1836ರಲ್ಲಿ ಆರಂಭವಾದದ್ದು. ಅದರ ನೂರನೆಯ ವರ್ಷಕ್ಕೆಂದು ಈ ಕೃತಿಯನ್ನು ಬರೆಸಿದರು. ಮೊದಲ ಪ್ರದರ್ಶನ 1936ರ ಅಕ್ಟೋಬರ್ 2ರಂದು ಅಲ್ಲಿನ ಟೌನ್‌ಹಾಲ್‌ನಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ರೈನ್‌ಲ್ಯಾಂಡ್‌ಗೆ ನುಗ್ಗಿತ್ತು, ಜುಲೈನಲ್ಲಿ ಸ್ಪೇನಿನ ಅಂತರ್ಯುದ್ಧ ಹೊತ್ತಿಕೊಂಡಿತ್ತು. ನೂರು ವರ್ಷದ ಹಬ್ಬಕ್ಕೆ ಮಂಗಳಗೀತೆ ಬರೆದು ಕೊಡಬಹುದಿತ್ತು. ಅವರು ಬರೆದು ಕೊಟ್ಟದ್ದು ಒಂದು ಮೊರೆ.

ನನ್ನ ಅಮ್ಮ ಹಾಸನದಿಂದ ಈ ಕಾರ್ಯಕ್ರಮಕ್ಕೆ ಬರುತ್ತಿದ್ದಾರೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಲ್ಯಾಟಿನ್ನಂತೂ ನನಗೂ ಬಾರದು. ಕೈಯಲ್ಲಿ ಹಿಡಿದು ಓದಿಕೊಳ್ಳುವಂತೆ ಎರಡು ಪುಟದಲ್ಲಿ ಇಡೀ ಸಾಹಿತ್ಯದ ಕನ್ನಡ ಅವರಿಗೆ ಕೊಡಬೇಕೆಂದಿದ್ದೇನೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ. ‘ನಮಗೆ ಶಾಂತಿಯನ್ನು ದಯಪಾಲಿಸು’ ಎಂದು ಬರೆದೆ. ಅರ್ಥ ಸರಿಯಾಗಿದೆ, ಆದರೆ ಹಾಡಿನಲ್ಲಿರುವ ನಡುಕ ಅದರಲ್ಲಿ ಇಲ್ಲ. ಏನು ಮಾಡಲಿ?

ನೇತ್ರಾವತಿ ದಡ:
ಅಕ್ಕ, ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮದು ಬಾಸೆಲ್ ಮಿಷನ್ ಪರಂಪರೆಯ ಸಭೆ. ಜರ್ಮನ್ ರಾಗಗಳಿಗೆ ಕನ್ನಡ ಪದ ಕೂಡಿಸಿದ ಕೀರ್ತನೆಗಳನ್ನು ನಾಲ್ಕು ದನಿಯಲ್ಲಿ ಹಾಡುತ್ತಾ ಬೆಳೆದವನು ನಾನು, ನನ್ನದು ಟೆನರ್, ಗಂಡಸರ ಮೇಲುದನಿಯ ಸಾಲು. ಹಾಗಾಗಿ ಈ ಚರ್ಚೆ ಕಂಡ ಕೂಡಲೇ ಮನಸ್ಸು ಅರಳಿತು.

ಆ ಲ್ಯಾಟಿನ್ ಸಾಲು ‘ಆಗ್ನುಸ್ ದೇಯಿ’ ಎಂಬ ಪ್ರಾರ್ಥನೆಯ ಕೊನೆ. ಕಥೋಲಿಕರ ಪೂಜೆಯಲ್ಲಿ ಪ್ರಸಾದ ಸ್ವೀಕರಿಸುವುದಕ್ಕೆ ಮೊದಲು ಇದು ಬರುತ್ತದೆ. ಲೋಕದ ಪಾಪವನ್ನು ಹೊತ್ತ ದೇವರ ಕುರಿಮರಿಯೇ, ನಮ್ಮನ್ನು ಕರುಣಿಸು ಎಂದು ಎರಡು ಸಲ. ಮೂರನೆಯ ಸಲ ಮಾತ್ರ, ನಮಗೆ ಶಾಂತಿ ಕೊಡು. ಅಲ್ಲಿ ಅದಕ್ಕೆ ಉತ್ತರ ಕೂಡಲೇ ಸಿಗುತ್ತದೆ: ರೊಟ್ಟಿ ಕೈಗೆ ಬರುತ್ತದೆ, ನೆರೆಯವನ ಪಕ್ಕದಲ್ಲಿ ಮಂಡಿಯೂರುತ್ತೇವೆ. ಈ ಕ್ಯಾಂಟಾಟಾದಲ್ಲಿ ಆ ಉತ್ತರವಿಲ್ಲ. ಕೇಳಿದ ತಕ್ಷಣ ಬರುವುದು ನಗಾರಿಯ ಸದ್ದು. ಮೊದಲ ಬಾರಿ ಕೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಪೂಜೆಯ ಮಾತನ್ನು ಅದರ ಜಾಗದಿಂದ ಕಿತ್ತು ತಂದು ಬೀದಿಯಲ್ಲಿ ನಿಲ್ಲಿಸಿದಂತೆ ಅನ್ನಿಸಿತ್ತು. ಈಗ ಆ ಸಿಟ್ಟು ಇಲ್ಲ. ಯಾಕೆ ಹೋಯಿತು ಎಂಬುದನ್ನು ಯೋಚಿಸಿ ಬರೆಯುತ್ತೇನೆ.

ತಂಬೂರಿ:
ನಾನು ಕರ್ನಾಟಕ ಸಂಗೀತದ ಕೇಳುಗ. ಪಾಶ್ಚಾತ್ಯ ಸಂಗೀತದ ವ್ಯಾಕರಣ ತಿಳಿಯದು, ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ.

ಆರಂಭದಲ್ಲಿ ಸೊಪ್ರಾನೊ ‘ದೋನಾ’ ಎನ್ನುವಾಗ ದನಿ ಅರ್ಧ ಸ್ವರದಷ್ಟು ಕೆಳಗೆ ಜಾರುತ್ತದೆ. ಶುದ್ಧ ರಿಷಭದಿಂದ ಷಡ್ಜಕ್ಕೆ ಇಳಿಯುವಷ್ಟೇ ದೂರ. ಅಷ್ಟು ಚಿಕ್ಕ ಇಳಿತದಲ್ಲಿ ಎಷ್ಟು ನೋವಿದೆ! ಎದೆ ಕಟ್ಟಿದವರು ಮಾತು ಆರಂಭಿಸಿದಾಗ ಮೊದಲ ಅಕ್ಷರ ಹೀಗೆಯೇ ಜಾರುವುದು. ಆಮೇಲೆ ಇಡೀ ಕೃತಿಯಲ್ಲಿ ಆ ಸಾಲು ಬಂದಾಗಲೆಲ್ಲ ಇದು ಮರಳುತ್ತದೆ, ಪಲ್ಲವಿಯ ಹಾಗೆ. ಆದರೆ ಪಲ್ಲವಿಗೆ ಮರಳಿದಾಗ ನಮಗೆ ಮನೆಗೆ ಬಂದ ನೆಮ್ಮದಿ ಸಿಗುತ್ತದೆ. ಇಲ್ಲಿ ಪ್ರತಿ ಸಲ ಮರಳುವಾಗಲೂ ನಡುವೆ ಏನೋ ಕೆಟ್ಟದ್ದು ನಡೆದುಹೋಗಿರುತ್ತದೆ.

ಆಲ್ಟೊ ಸಾಲಿನವಳು:
ಎಷ್ಟು ಸರಿಯಾಗಿ ಹೇಳಿದಿರಿ. ‘ದಯಪಾಲಿಸು’ ಯಾಕೆ ಒಪ್ಪುತ್ತಿಲ್ಲ ಎಂಬುದು ಈಗ ಹೊಳೆಯಿತು. ಅದು ಆರಾಮವಾಗಿ ಕೈಮುಗಿದು ನಿಂತು ಹೇಳುವ ಮಾತು. ಆ ಅರ್ಧ ಸ್ವರದಲ್ಲಿ ಅಷ್ಟು ಉದ್ದದ ಪದಕ್ಕೆ ಉಸಿರಿಲ್ಲ.

ಇಡೀ ಸಾಹಿತ್ಯದ ನಡೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅನುವಾದಕ್ಕೆ ಅನುಕೂಲವಾಗುತ್ತದೆ. ಆರು ಭಾಗಗಳಿವೆ. ಮೊದಲನೆಯದು ಆ ಲ್ಯಾಟಿನ್ ಮೊರೆ. ಎರಡು, ಮೂರು, ನಾಲ್ಕು ಅಮೆರಿಕದ ವಾಲ್ಟ್ ವಿಟ್ಮನ್ನನ ಕವಿತೆಗಳು: ನಗಾರಿಯ ಆರ್ಭಟ, ಸತ್ತ ಶತ್ರುವಿನೊಂದಿಗೆ ರಾಜಿ, ಇಬ್ಬರು ಯೋಧರ ಶವಯಾತ್ರೆ. ಐದನೆಯದು ಆರಂಭವಾಗುವುದು ಜಾನ್ ಬ್ರೈಟ್ ಎಂಬ ಸಂಸದ ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣದ ಮಾತುಗಳಿಂದ. ಅಲ್ಲಿಂದ ಬೈಬಲಿನ ಪ್ರವಾದಿ ಯೆರೆಮೀಯನ ಗೋಳಿಗೆ ಹೊರಳುತ್ತದೆ. ಆರನೆಯದು ಬೈಬಲಿನ ಹಲವು ಪುಸ್ತಕಗಳಿಂದ ಆಯ್ದು ಹೆಣೆದ ಭರವಸೆಯ ವಾಕ್ಯಗಳು. ಕಟ್ಟಕಡೆಗೆ ಮತ್ತೆ ಅದೇ ಮೊರೆ.

ಕೊಡಗಿನ ಮಳೆ:
ನನ್ನದೊಂದು ಭಿನ್ನಾಭಿಪ್ರಾಯವಿದೆ, ನೇರವಾಗಿಯೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯದಲ್ಲಿದ್ದವರು. ಯುದ್ಧ ಬೇಡ ಎಂದು ಹಾಡುವ ಕೃತಿಗಳನ್ನು ಕೇಳಿದಾಗಲೆಲ್ಲ ನನಗೆ ಒಂದು ಅನುಮಾನ ಕಾಡುತ್ತದೆ. ಗಡಿಯಲ್ಲಿ ನಿಂತವನ ನೋವಾಗಲಿ ಕರ್ತವ್ಯವಾಗಲಿ ತಿಳಿಯದವರು ಬೆಚ್ಚಗಿನ ಸಭಾಂಗಣದಲ್ಲಿ ಕುಳಿತು ಶಾಂತಿ ಶಾಂತಿ ಎನ್ನುತ್ತಾರೆ. ನಗಾರಿಯನ್ನು ರಾಕ್ಷಸನಂತೆ ಚಿತ್ರಿಸುತ್ತಾರೆ. ನಮ್ಮ ತಾತ ತೀರಿಕೊಂಡಾಗ ಬಾರಿಸಿದ ಬ್ಯೂಗಲ್ ಇಂದಿಗೂ ನನ್ನ ಕಿವಿಯಲ್ಲಿದೆ. ಅದನ್ನು ಯಾರಾದರೂ ಹಗುರ ಮಾಡಿದರೆ ನಾನು ಸಹಿಸುವುದಿಲ್ಲ.

ಆಲ್ಟೊ ಸಾಲಿನವಳು:
ಅಣ್ಣ, ನಿಮ್ಮ ಮಾತಿನ ಭಾರ ನನಗೆ ಅರ್ಥವಾಗುತ್ತದೆ. ಈ ಕೃತಿ ಬರೆದವರು ಬೆಚ್ಚಗೆ ಕುಳಿತವರಲ್ಲ. 1914ರ ಕೊನೆಯ ದಿನ ಸೈನ್ಯದ ವೈದ್ಯಕೀಯ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದಾಗ ವಾನ್ ವಿಲಿಯಮ್ಸ್ ಅವರಿಗೆ 42 ವರ್ಷ. ಅಷ್ಟು ಹೊತ್ತಿಗೆ ಅವರು ನಾಡಿಗೆಲ್ಲ ಹೆಸರಾದ ಸಂಗೀತಗಾರ, ಆ ವಯಸ್ಸಿನಲ್ಲಿ ಹೋಗಲೇಬೇಕಾದ ಒತ್ತಾಯ ಯಾವುದೂ ಇರಲಿಲ್ಲ. 1916ರಲ್ಲಿ ಫ್ರಾನ್ಸಿನ ವಿಮಿ ದಿಣ್ಣೆಯ ಹತ್ತಿರ ಆಂಬ್ಯುಲೆನ್ಸ್ ದಳದಲ್ಲಿದ್ದು, ರಾತ್ರಿಯ ಕತ್ತಲಲ್ಲಿ ಗಾಯಾಳುಗಳನ್ನು ಹೊತ್ತು ತಂದರು. ಆಮೇಲೆ ಗ್ರೀಸಿನ ಸಲೋನಿಕಾ. ಕೊನೆಗೆ ಫಿರಂಗಿ ದಳದ ಅಧಿಕಾರಿಯಾಗಿ ಮತ್ತೆ ಫ್ರಾನ್ಸ್. ವಯಸ್ಸಾದ ಮೇಲೆ ಅವರ ಕಿವಿ ಮಂದವಾದದ್ದಕ್ಕೆ ಆ ಫಿರಂಗಿಗಳ ಸದ್ದೂ ಕಾರಣ ಎನ್ನುತ್ತಾರೆ. ಆಪ್ತ ಗೆಳೆಯ ಜಾರ್ಜ್ ಬಟರ್‌ವರ್ತ್, ಅವರೂ ಸಂಗೀತಗಾರರೇ, 1916ರ ಆಗಸ್ಟ್‌ನಲ್ಲಿ ಸೋಮ್ ಕಾಳಗದಲ್ಲಿ ತೀರಿಕೊಂಡರು.

ಶವಯಾತ್ರೆಯ ಭಾಗವನ್ನು ಒಮ್ಮೆ ಕೇಳಿ ನೋಡಿ. ನಾಲ್ಕನೆಯ ಭಾಗ. ಅದರಲ್ಲೂ ನಗಾರಿ ಇದೆ, ಕಹಳೆಯೂ ಇದೆ, ಆದರೆ ಅವು ಬೇರೆಯೇ. ತಂದೆ, ಮಗ ಇಬ್ಬರೂ ಒಂದೇ ದಾಳಿಯಲ್ಲಿ ಮುಂಚೂಣಿಯಲ್ಲಿ ಬಿದ್ದವರು. ಜೋಡಿ ಗೋರಿ ಕಾದಿದೆ. ಮೂಡಣದಲ್ಲಿ ಏರುತ್ತಿರುವ ಬೆಳ್ಳಿ ಚಂದ್ರ ಒಬ್ಬ ತಾಯಿಯ ಮುಖದಂತೆ ಕಾಣುತ್ತದೆ. ಕವಿ ಯೋಧರಿಗೆ ಹೇಳುವುದು ಇಷ್ಟು: ಚಂದ್ರ ನಿಮಗೆ ಬೆಳಕು ಕೊಡುತ್ತಾನೆ, ನಗಾರಿ ಕಹಳೆಗಳು ಸಂಗೀತ ಕೊಡುತ್ತವೆ, ನನ್ನ ಹೃದಯ ಪ್ರೀತಿ ಕೊಡುತ್ತದೆ. ಇದರಲ್ಲಿ ಯೋಧರಿಗೆ ಅಗೌರವವಾಗುವ ಒಂದು ಸ್ವರವೂ ಇಲ್ಲ.

ಕೊಡಗಿನ ಮಳೆ:
ಕೇಳಿದೆ. ನಿನ್ನೆ ರಾತ್ರಿ ಎರಡು ಸಲ ಕೇಳಿದೆ.

ಆ ಭಾಗದ ಬಗ್ಗೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ, ತಂಗಿ. ನಗಾರಿ ದೂರದಿಂದ ಹತ್ತಿರ ಬಂದು, ಮನೆಯ ಮುಂದೆ ಹಾದು ಹೋಗುವ ಹಾಗೆ ಮಾಡಿದ್ದಾರೆ. ತಾತನ ದಿನ ನಾವು ಜಗಲಿಯ ಮೇಲೆ ನಿಂತಿದ್ದೆವು. ಮಳೆ ಸುರಿಯುತ್ತಿತ್ತು. ಸದ್ದು ಮೊದಲು ಬಂತು, ಜನ ಕಾಣಿಸಿದ್ದು ಆಮೇಲೆ. ಅದೇ ಕ್ರಮ ಇಲ್ಲೂ ಇದೆ. ಬರೆದವರು ಅಂತಹ ಒಂದು ಮೆರವಣಿಗೆಯನ್ನು ಕಂಡೇ ಇರಬೇಕು.

ಒಂದು ಮಾತು ಸೇರಿಸುತ್ತೇನೆ. ಸೈನಿಕ ಶಾಂತಿಗೆ ಎದುರಾಳಿ ಎಂದು ಯಾರೂ ತಿಳಿಯಬಾರದು. ನಮ್ಮ ಜನರಲ್ ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತಾಗ, ಯುದ್ಧಕೈದಿಗಳನ್ನು ಮನೆಗೆ ಕಳುಹಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿರುವಾಗಲೇ.

ತಂಬೂರಿ:
ಶವಯಾತ್ರೆಯ ಭಾಗಕ್ಕೆ ಅದರದೇ ಕಥೆಯೊಂದಿದೆ. ವಾನ್ ವಿಲಿಯಮ್ಸ್ ಅದನ್ನು ಮೊದಲ ಮಹಾಯುದ್ಧಕ್ಕೂ ಮುಂಚೆ, 1911ರ ಸುಮಾರಿಗೆ ಬರೆದು, ಬದಿಗಿಟ್ಟುಬಿಟ್ಟಿದ್ದರು. 1936ರಲ್ಲಿ ಅದೇ ಇಲ್ಲಿಗೆ ಬಂದಿತು. ಹಾಗಾಗಿ, ಕೊಡಗಿನವರೇ, ಅದನ್ನು ಬರೆಯುವಾಗ ಅವರಿನ್ನೂ ಯುದ್ಧ ಕಂಡಿರಲಿಲ್ಲ. ಗೆಳೆಯ ಬಟರ್‌ವರ್ತ್ ಬದುಕಿದ್ದರು. ಇಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿದ್ದ ಹಾಡಿಗೆ ಆ ಅವಧಿಯಲ್ಲಿ ಅರ್ಥ ತುಂಬಿಕೊಂಡಿತು. ಹೊಸದಾಗಿ ಬರೆದ ಭಾಗಗಳಿಗಿಂತ ಅದರ ರಾಗ ಮೃದುವಾಗಿದೆ ಎಂದು ನನಗೆ ಯಾವಾಗಲೂ ಅನ್ನಿಸುವುದು ಇದಕ್ಕೇ ಇರಬೇಕು.

ಅವರ ಗೆಳೆಯ ಗುಸ್ತಾವ್ ಹೋಲ್ಸ್ಟ್ ಕೂಡ ಇದೇ ಕವಿತೆಗೆ 1914ರಲ್ಲಿ ಸಂಗೀತ ಕಟ್ಟಿದ್ದರು. ಋಗ್ವೇದದ ಸೂಕ್ತಗಳನ್ನು ತಾವೇ ಅನುವಾದಿಸಲೆಂದು ಸಂಸ್ಕೃತ ಕಲಿತವರು ಹೋಲ್ಸ್ಟ್. ಅದು ಇನ್ನೊಂದು ದಿನದ ಮಾತು.

ಹಳೆಗನ್ನಡದ ಮೇಷ್ಟ್ರು:
ತಡವಾಗಿ ಬಂದೆ, ಕ್ಷಮೆಯಿರಲಿ. ಮೊದಲು ಆ ಪದದ ವಿಚಾರ. ಲ್ಯಾಟಿನ್ನಿನ ‘ದೋನಾ’ಗೂ ನಮ್ಮ ‘ದಾನ’ಕ್ಕೂ ಮೂಲ ಒಂದೇ, ಕೊಡು ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನಿಂದ ಎರಡೂ ಟಿಸಿಲೊಡೆದವು. ಹಾಗೆಂದು ‘ದಾನ ಮಾಡು’ ಎಂದು ಬರೆಯಬೇಡಿ. ಕನ್ನಡದಲ್ಲಿ ದಾನ ಎಂದರೆ ಕೊಡುವವನ ಪುಣ್ಯದ ಕಡೆಗೆ ಗಮನ ಹೋಗುತ್ತದೆ. ‘ದಯಪಾಲಿಸು’ ಅರಮನೆಯ ಮಾತು. ‘ಕೊಡು’ ಎನ್ನಿ. ಹಸಿದ ಮಗು ತಾಯಿಗೆ ಹೇಳುವ ಪದ ಅದು. ಅದರಲ್ಲಿ ಎರಡೇ ಅಕ್ಷರ, ನಿಮ್ಮ ಅರ್ಧ ಸ್ವರಕ್ಕೂ ಸರಿಹೊಂದುತ್ತದೆ.

ಇನ್ನು ಪವಿತ್ರ ಮತ್ತು ಲೌಕಿಕ ಪಠ್ಯಗಳನ್ನು ಬೆರೆಸಿದ್ದರ ಬಗ್ಗೆ. ಈ ಕೃತಿಯಲ್ಲಿ ಕವಿತೆಗಳು ಧರ್ಮಗ್ರಂಥಕ್ಕೆ ವ್ಯಾಖ್ಯಾನವಾಗಿ ಬಂದಿವೆ ಎಂದು ಹಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ವ್ಯಾಖ್ಯಾನ ಮೂಲವನ್ನು ಸುಲಭ ಮಾಡುತ್ತದೆ, ಇಲ್ಲಿ ಕವಿತೆ ಪ್ರಾರ್ಥನೆಯನ್ನು ಕಷ್ಟ ಮಾಡುತ್ತದೆ. ನಗಾರಿಯ ಕವಿತೆಯನ್ನೇ ನೋಡಿ. ಬಾಗಿಲು ಕಿಟಕಿಗಳನ್ನು ಒಡೆದು ನುಗ್ಗಿ, ಚರ್ಚಿಗೆ ನುಗ್ಗಿ ಪ್ರಾರ್ಥಿಸುತ್ತಿರುವವರನ್ನು ಚದುರಿಸಿ, ಶಾಲೆಗೆ ನುಗ್ಗಿ, ಮದುಮಗನಿಗೆ ಸುಖ ಬಿಡಬೇಡಿ, ರೈತನಿಗೆ ಉಳುಮೆಯ ನೆಮ್ಮದಿ ಬಿಡಬೇಡಿ, ಮಗುವಿನ ದನಿಯೂ ತಾಯಿಯ ಬೇಡಿಕೆಯೂ ಕೇಳದಿರಲಿ ಎಂದು ಅದು ಅಬ್ಬರಿಸುತ್ತದೆ. ಕವಿ ಅದನ್ನು ಬರೆದದ್ದು 1861ರಲ್ಲಿ, ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ. ಆಗ ಅದು ಜನರನ್ನು ಯುದ್ಧಕ್ಕೆ ಹುರಿದುಂಬಿಸುವ ಕರೆಯಾಗಿತ್ತು! ಅದೇ ಮಾತುಗಳನ್ನು ವಾನ್ ವಿಲಿಯಮ್ಸ್ ಭಯಾನಕವಾಗಿ ಮಾಡಿದರು. ಹೇಗೆ ಮಾಡಿದರು? ಅದಕ್ಕೆ ಮುಂಚೆ ಒಬ್ಬ ಹೆಣ್ಣು ಶಾಂತಿ ಬೇಡುವುದನ್ನು ಇಟ್ಟರು, ಅಷ್ಟೇ. ನೆರೆಯಲ್ಲಿ ಯಾವ ಮಾತಿದೆ ಎಂಬುದರ ಮೇಲೆ ಮಾತಿನ ಅರ್ಥ ನಿಂತಿದೆ.

ಕವಿಯೂ ಮುಂದೆ ಬದಲಾದ. 1862ರ ಡಿಸೆಂಬರ್‌ನಲ್ಲಿ ಗಾಯಗೊಂಡ ತಮ್ಮನನ್ನು ಹುಡುಕಿಕೊಂಡು ಹೋದವನು, ಆಮೇಲೆ ವಾಷಿಂಗ್ಟನ್ನಿನ ಸೇನಾ ಆಸ್ಪತ್ರೆಗಳಲ್ಲಿ ಗಾಯಾಳುಗಳ ಸೇವೆಗೆ ನಿಂತ. ಮೂರನೆಯ ಭಾಗದ ಕವಿತೆ ಆ ಅನುಭವದ ನಂತರದ್ದು. ನಗಾರಿಯ ಕವಿತೆಗೂ ಅದಕ್ಕೂ ನಡುವೆ ಒಂದು ಆಸ್ಪತ್ರೆ ಇದೆ.

ನೇತ್ರಾವತಿ ದಡ:
ಮೇಷ್ಟ್ರೇ, ನನ್ನ ಸಿಟ್ಟು ಕರಗಿದ್ದು ಆ ಮೂರನೆಯ ಭಾಗದಲ್ಲೇ.

ಮೊದಲು ಒಂಟಿ ವಯಲಿನ್. ಆಮೇಲೆ ಬ್ಯಾರಿಟೋನ್ ಗಾಯಕ ಹಾಡುತ್ತಾನೆ. ನನ್ನ ಶತ್ರು ಸತ್ತಿದ್ದಾನೆ, ನನ್ನಷ್ಟೇ ದೈವತ್ವವುಳ್ಳ ಒಬ್ಬ ಮನುಷ್ಯ ಸತ್ತಿದ್ದಾನೆ ಎನ್ನುತ್ತಾನೆ. ಶವಪೆಟ್ಟಿಗೆಯಲ್ಲಿ ಬಿಳಿಚಿಕೊಂಡು ಅಲುಗದೆ ಮಲಗಿದವನ ಹತ್ತಿರ ಹೋಗುತ್ತಾನೆ, ಬಾಗುತ್ತಾನೆ, ಆ ಮುಖಕ್ಕೆ ಹಗುರವಾಗಿ ತುಟಿ ತಾಗಿಸುತ್ತಾನೆ. ಆ ಭಾಗದ ಕೊನೆಗೆ ಸೊಪ್ರಾನೊ, ‘ದೋನಾ ನೋಬಿಸ್ ಪಾಚೆಮ್’.

ಅಲ್ಲಿ ನನಗೆ ತಟ್ಟನೆ ಒಂದು ಪ್ರಶ್ನೆ ಎದ್ದಿತು. ಇದು ಕನ್ನಡದಲ್ಲಿ ಏಳದ ಪ್ರಶ್ನೆ. ನನ್ನ ಮನೆಮಾತು ತುಳು. ತುಳುವಿನಲ್ಲಿ ‘ನಾವು’ ಎರಡು ಬಗೆ. ‘ನಮ’ ಎಂದರೆ ನೀನೂ ಸೇರಿ ನಾವು. ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು ನಾವು. ‘ನಮಗೆ’ ಎನ್ನಬೇಕಾದರೆ ‘ನಂಕ್’ ಎನ್ನಬೇಕೋ ‘ಎಂಕ್ಲೆಗ್’ ಎನ್ನಬೇಕೋ ಎಂದು ಪ್ರತಿ ಸಲ ತೀರ್ಮಾನಿಸಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ದೇವರಿಗೆ ಮೊರೆಯಿಡುವಾಗ ‘ಎಂಕ್ಲೆಗ್’. ದೇವರು ಕೊಡುವವನು, ಬೇಡುವ ನಮ್ಮ ಗುಂಪಿನಲ್ಲಿ ಅವನಿಲ್ಲ. ಕೃತಿಯ ಮೊದಲ ಭಾಗವನ್ನು ನಾನು ಹಾಗೆಯೇ ತುಳುವಿಗೆ ತರುತ್ತೇನೆ. ಆದರೆ ಶತ್ರುವಿನ ಮುಖಕ್ಕೆ ಬಾಗಿದ ಮೇಲೆ ಅದೇ ಸಾಲು ಬಂದಾಗ, ನನ್ನ ಕಿವಿಗೆ ಕೇಳಿಸಿದ್ದು ‘ನಂಕ್’. ಅದು ಆ ಪೆಟ್ಟಿಗೆಯಲ್ಲಿ ಇರುವವನಿಗೆ ಹೇಳಿದ ಮಾತು. ನನಗೂ ನಿನಗೂ ಸೇರಿ.

ಪೂಜೆಯಲ್ಲಿ ಆ ಸಾಲನ್ನು ನೂರಾರು ಸಲ ಕೇಳಿದ್ದರೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಬರಿಸಿದ್ದು ಒಂದು ಲೌಕಿಕ ಕವಿತೆ. ಅದನ್ನು ಪ್ರಾರ್ಥನೆಯ ಪಕ್ಕದಲ್ಲಿ ಇಡದಿದ್ದರೆ ‘ನಮಗೆ’ ಎಂಬ ಪದ ತನ್ನ ಪಾಡಿಗೆ ತಾನು ಹಾದುಹೋಗುತ್ತಿತ್ತು.

ಆಲ್ಟೊ ಸಾಲಿನವಳು:
ಇದನ್ನು ಓದಿ ಅಡುಗೆಮನೆಯಲ್ಲಿ ಹಾಗೆಯೇ ನಿಂತುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಕನ್ನಡದ ‘ನಮಗೆ’ಯಲ್ಲಿ ಎರಡೂ ಅರ್ಥಗಳು ಅಡಗಿ ಕುಳಿತಿವೆ ಅಲ್ಲವೇ? ಲ್ಯಾಟಿನ್ನಿನಲ್ಲೂ ಹಾಗೆಯೇ ಇರಬೇಕು. ಹಾಗಾದರೆ ಮೂರನೆಯ ಭಾಗದಲ್ಲಿ ‘ನಮ್ಮೆಲ್ಲರಿಗೂ’ ಎಂದು ಬಿಡಿಸಿ ಬರೆಯಲೇ?

ಹಳೆಗನ್ನಡದ ಮೇಷ್ಟ್ರು:
ಬೇಡಮ್ಮ. ‘ಎಲ್ಲರಿಗೂ’ ಎಂದ ಕೂಡಲೇ ಅದು ಸಭೆಯ ಭಾಷಣವಾಗುತ್ತದೆ. ಆ ಪೆಟ್ಟಿಗೆಯ ಬಳಿ ಇರುವವರು ಇಬ್ಬರೇ. ‘ನಮಗೆ’ ಹಾಗೆಯೇ ಇರಲಿ, ಓದುವವರು ಕಂಡುಕೊಳ್ಳುತ್ತಾರೆ.

ಎರೆಹೊಲ:
ಗದಗದ ಕಡೆಯ ರೈತ ನಾನು. ಸಂಗೀತದ ಮಾತು ನನಗೆ ದೂರ. ಮಗಳು ಈ ಚರ್ಚೆಯನ್ನು ತೋರಿಸಿದಳು. ಯೆರೆಮೀಯನ ಗೋಳಿನಲ್ಲಿ ಏನಿದೆ ಎಂದು ಯಾರಾದರೂ ಹೇಳುವಿರಾ? ಬೆಳೆಯ ವಿಚಾರ ಇದೆ ಎಂದು ಮಗಳು ಹೇಳಿದಳು.

ನೇತ್ರಾವತಿ ದಡ:
ಇದೆ, ಅಣ್ಣ. ಶಾಂತಿಗಾಗಿ ಕಾದೆವು, ಒಳ್ಳೆಯದೇನೂ ಬರಲಿಲ್ಲ. ವಾಸಿಯಾಗುವ ಕಾಲಕ್ಕೆ ಕಾದೆವು, ಬಂದದ್ದು ಸಂಕಟ. ಶತ್ರುವಿನ ಕುದುರೆಗಳ ಕೆನೆತ ಉತ್ತರದ ದಾನ್ ಊರಿನಿಂದಲೇ ಕೇಳಿಸುತ್ತದೆ, ದೇಶವೆಲ್ಲ ನಡುಗುತ್ತದೆ. ಸುಗ್ಗಿ ಮುಗಿಯಿತು, ಬೇಸಗೆ ಕಳೆಯಿತು, ನಮಗೆ ಬಿಡುಗಡೆಯಾಗಲಿಲ್ಲ. ಗಿಲ್ಯಾದಿನಲ್ಲಿ ಮುಲಾಮು ಇಲ್ಲವೇ? ಅಲ್ಲಿ ವೈದ್ಯನಿಲ್ಲವೇ? ಅರ್ಥ ಇದು. ಇದನ್ನು ಹಾಡುವುದು ಇಡೀ ಕ್ವಾಯರ್.

ಎರೆಹೊಲ:
ಸುಗ್ಗಿ ಮುಗಿಯಿತು, ಬಿಡುಗಡೆಯಾಗಲಿಲ್ಲ. ಬರಗಾಲ ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿಯವರೆಗೆ ಆಸೆಗೆ ಒಂದು ನೆಲೆ ಇರುತ್ತದೆ, ಸುಗ್ಗಿ ದಾಟಿದರೆ ಅದೂ ಇಲ್ಲ.

ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಮಾಡುವರು ಎಂಬ ಮಾತೂ ಬೈಬಲಿನಲ್ಲಿ ಇದೆ ಎಂದು ಕೇಳಿದ್ದೇನೆ. ಅದು ಈ ಹಾಡಿನಲ್ಲಿ ಬರುತ್ತದೆಯೇ? ನಮ್ಮ ಅಪ್ಪ ವರ್ಷಕ್ಕೊಮ್ಮೆ ಗುಳವನ್ನು ಕಮ್ಮಾರನ ಕುಲುಮೆಗೆ ಒಯ್ಯುತ್ತಿದ್ದರು. ಕೆಂಪಗೆ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಮೊನೆ ತೆಗೆಯುವಾಗ ನಾನು ತಿದಿ ಒತ್ತುತ್ತಿದ್ದೆ. ಕತ್ತಿ ಗುಳವಾಗುವುದು ಬರೀ ಮಾತಲ್ಲ, ಒಂದೆರಡು ತಾಸಿನ ಕೆಲಸ.

ಆಲ್ಟೊ ಸಾಲಿನವಳು:
ಅಣ್ಣ, ಅದು ಮೀಕ ಎಂಬ ಪ್ರವಾದಿಯ ಮಾತು. ನಮ್ಮ ಸ್ವರಪುಸ್ತಕವನ್ನು ತೆಗೆದು ನೋಡಿದೆ. ಆರನೆಯ ಭಾಗದಲ್ಲಿ ಆ ವಾಕ್ಯದ ಉತ್ತರಾರ್ಧ ಮಾತ್ರ ಇದೆ: ಜನಾಂಗವು ಜನಾಂಗದ ವಿರುದ್ಧ ಕತ್ತಿ ಎತ್ತುವುದಿಲ್ಲ, ಇನ್ನು ಮುಂದೆ ಯುದ್ಧ ಕಲಿಯುವುದಿಲ್ಲ. ಗುಳದ ಭಾಗವನ್ನು ಅವರು ಬಿಟ್ಟುಬಿಟ್ಟಿದ್ದಾರೆ. ನೀವು ಕೇಳುವವರೆಗೆ ನನಗೆ ಅದು ಗಮನಕ್ಕೇ ಬಂದಿರಲಿಲ್ಲ.

ಎರೆಹೊಲ:
ಬಿಡಬಾರದಿತ್ತು. ಕತ್ತಿ ಎತ್ತುವುದಿಲ್ಲ ಎಂದರೆ ಕೈ ಖಾಲಿಯಾಯಿತು ಎಂದಷ್ಟೇ ಆಯಿತು. ಆ ಕೈಗೆ ಕೆಲಸ ಕೊಡುವುದು ಗುಳ.

ತಂಬೂರಿ:
ಎರೆಹೊಲದವರ ಮಾತಿನಿಂದ ನನ್ನ ಬಹುಕಾಲದ ಅಸಮಾಧಾನವೊಂದು ಸ್ಪಷ್ಟವಾಯಿತು. ಆರನೆಯ ಭಾಗದ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಅಲ್ಲಿಯವರೆಗೆ ಒಂದೊಂದು ಮಾತಿಗೂ ಒಂದು ಸ್ಥಳ, ಒಬ್ಬ ಮನುಷ್ಯ ಇದ್ದಾನೆ: ಪೆಟ್ಟಿಗೆ, ಗೋರಿ, ಚಂದ್ರ, ಸಂಸತ್ತು. ಆರನೆಯದರಲ್ಲಿ ದಾನಿಯೇಲ, ಹಗ್ಗಾಯ, ಮೀಕ, ಯಾಜಕಕಾಂಡ, ಕೀರ್ತನೆಗಳು, ಯೆಶಾಯ, ಕೊನೆಗೆ ಲೂಕನ ಸುವಾರ್ತೆಯಲ್ಲಿ ದೇವದೂತರು ಹಾಡುವ ಗೀತೆ, ಹೀಗೆ ತುಂಡು ತುಂಡು ವಾಕ್ಯಗಳು ಸಾಲುಗಟ್ಟುತ್ತವೆ. ಗಂಟೆಗಳು ಮೊಳಗುತ್ತವೆ. ಸಂತೋಷವಾಗುತ್ತದೆ, ಆದರೆ ಆ ಸಂತೋಷ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ.

ಆಲ್ಟೊ ಸಾಲಿನವಳು:
ನಾನು ಪೂರ್ತಿ ಒಪ್ಪಲಾರೆ. ಹಾಡುವಾಗ ಅದು ಬೇರೆಯೇ. ಅರ್ಧ ಗಂಟೆ ನಗಾರಿಯಲ್ಲಿ, ಗೋರಿಯ ಬಳಿ, ಗಿಲ್ಯಾದಿನಲ್ಲಿ ಇದ್ದು ಬಂದ ಗಂಟಲುಗಳಿಗೆ ಅಲ್ಲಿ ಉಸಿರು ಬರುತ್ತದೆ. ಬ್ಯಾರಿಟೋನ್ ‘ಬಹು ಪ್ರಿಯನಾದ ಮನುಷ್ಯನೇ, ಹೆದರಬೇಡ’ ಎಂದು ಆರಂಭಿಸುವಾಗ ನಮ್ಮ ಸಾಲಿನಲ್ಲಿ ಪ್ರತಿ ವಾರ ಯಾರಾದರೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಅದು ಪ್ರವಾದಿಗೆ ಹೇಳಿದ ಮಾತು, ಆದರೆ 1936ರಲ್ಲಿ ಆ ಟೌನ್‌ಹಾಲ್‌ನಲ್ಲಿ ಕುಳಿತ ಗಿರಣಿ ಕಾರ್ಮಿಕರಿಗೂ ಹೇಳಿದ್ದಾಗಿತ್ತು. ಮಗನನ್ನು ಒಂದು ಯುದ್ಧದಲ್ಲಿ ಕಳೆದುಕೊಂಡವರು, ಮೊಮ್ಮಗನನ್ನು ನೋಡಿ ಮುಂದಿನದ್ದಕ್ಕೆ ಹೆದರುತ್ತಿದ್ದವರು ಅಲ್ಲಿ ಇದ್ದೇ ಇರಬೇಕು. ಅವರಿಗೆ ಯಾರಾದರೂ ಹೆದರಬೇಡಿ ಎನ್ನಬೇಕಿತ್ತು.

ಆ ಸಂಭ್ರಮದಲ್ಲಿ ಕೃತಿ ಮುಗಿಯುವುದೂ ಇಲ್ಲ. ಗಂಟೆಗಳು ನಿಲ್ಲುತ್ತವೆ, ವಾದ್ಯಗಳು ನಿಲ್ಲುತ್ತವೆ. ಬರೀ ಗಂಟಲುಗಳು ಉಳಿಯುತ್ತವೆ. ನಾವು ಅತಿ ಮೆಲ್ಲನೆ, ನಮ್ಮ ಮೇಲೆ ಸೊಪ್ರಾನೊ, ಅದೇ ಮೊದಲ ಸಾಲು.

ತಂಬೂರಿ:
ಆ ಕೊನೆಯ ಬಗ್ಗೆ ನನ್ನ ತಕರಾರು ಏನೂ ಇಲ್ಲ. ನಮ್ಮ ಕಚೇರಿಯಲ್ಲಿ ಪಿಟೀಲು, ಮೃದಂಗ ಎಲ್ಲ ನಿಂತರೂ ತಂಬೂರಿ ನಿಲ್ಲುವುದಿಲ್ಲ. ಹ್ಯಾಂಡ್‌ಬಿಲ್‌ನಲ್ಲಿ ಹೆಸರು ಇರುವುದಿಲ್ಲ, ಆದರೆ ಗಾಯಕರನ್ನು ಬೀಳದಂತೆ ಹಿಡಿದಿರುವುದು ಅದೇ. ಇಲ್ಲಿ ಹಿಡಿದುಕೊಳ್ಳಲು ಕೊನೆಯಲ್ಲಿ ಏನೂ ಇರುವುದಿಲ್ಲ. ಆ ಹೆಣ್ಣುದನಿ ಶ್ರುತಿಯನ್ನು ತನ್ನೊಳಗೇ ಹುಡುಕಿಕೊಂಡು ನಿಲ್ಲಬೇಕು. ಮೊದಲ ಸಲ ಕೇಳಿದಾಗ ನನಗೆ ಭಯವಾಯಿತು.

1936ರ ನವೆಂಬರ್‌ನಲ್ಲಿ ರೇಡಿಯೋಗಾಗಿ ವಾನ್ ವಿಲಿಯಮ್ಸ್ ಅವರೇ ನಿರ್ದೇಶಿಸಿದ ಪ್ರಸ್ತುತಿಯ ಧ್ವನಿಮುದ್ರಣ ಉಳಿದುಬಂದಿದೆ. ಮೊದಲ ಪ್ರದರ್ಶನದಲ್ಲಿ ಹಾಡಿದ ರೆನೆ ಫ್ಲಿನ್ ಮತ್ತು ರಾಯ್ ಹೆಂಡರ್ಸನ್ ಅವರೇ ಇದರಲ್ಲೂ ಹಾಡಿದ್ದಾರೆ. ಹಳೆಯ ಮುದ್ರಣದ ಸರಸರ ಸದ್ದಿದೆ, ಆದರೂ ಕೇಳಿ. ಸ್ಪಷ್ಟವಾದದ್ದು ಬೇಕಾದರೆ ರಿಚರ್ಡ್ ಹಿಕಾಕ್ಸ್ ನಿರ್ದೇಶನದಲ್ಲಿ ಬ್ರಿನ್ ಟರ್ಫೆಲ್ ಹಾಡಿದ್ದು ಇದೆ.

ಹಳೆಗನ್ನಡದ ಮೇಷ್ಟ್ರು:
ಜಾನ್ ಬ್ರೈಟ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ಕ್ವೇಕರ್ ಪಂಥದವರು, ಯುದ್ಧವನ್ನು ಒಪ್ಪದ ಪಂಥ ಅದು. 1855ರ ಫೆಬ್ರವರಿ 23ರಂದು, ಕ್ರಿಮಿಯಾ ಯುದ್ಧದ ನಡುವೆ, ಮೃತ್ಯುದೇವತೆ ನಾಡಿನ ತುಂಬ ಸಂಚರಿಸುತ್ತಿದ್ದಾನೆ, ಅವನ ರೆಕ್ಕೆಗಳ ಬಡಿತ ನಿಮಗೂ ಕೇಳಿಸೀತು ಎಂದು ಸಂಸತ್ತಿನಲ್ಲಿ ಹೇಳಿದರು. ಬಾಗಿಲ ತೋಳಿಗೆ ರಕ್ತ ಬಳಿದು ನಮ್ಮ ಮನೆಗಳನ್ನು ಉಳಿಸುವವರು ಯಾರೂ ಇಲ್ಲ ಎಂದರು. ಈಜಿಪ್ಟಿನಲ್ಲಿ ಮೃತ್ಯು ಇಸ್ರಾಯೇಲರ ಮನೆಗಳನ್ನು ದಾಟಿ ಹೋದ ಕಥೆ ಅದರ ಹಿಂದಿದೆ. ಬಡವನ ಗುಡಿಸಲಾಗಲಿ ಧಣಿಯ ಬಂಗಲೆಯಾಗಲಿ, ಗುರುತಿಲ್ಲದ ಬಾಗಿಲುಗಳೇ ಎಲ್ಲವೂ. ಭಾಷಣವೊಂದನ್ನು ಹಾಡಾಗಿಸುವುದು ಸುಲಭವಲ್ಲ. ಆದರೆ ಬ್ರೈಟ್ ಬೈಬಲನ್ನೇ ಉಸಿರಾಡಿ ಬೆಳೆದವರು, ಅವರ ಗದ್ಯದೊಳಗೇ ಶ್ರುತಿ ಇತ್ತು.

ಇದೇ ಬ್ರೈಟ್ ಈಸ್ಟ್ ಇಂಡಿಯಾ ಕಂಪನಿಯ ಆಡಳಿತವನ್ನು ಸಂಸತ್ತಿನಲ್ಲಿ ಖಂಡಿಸಿದವರು. 1858ರಲ್ಲಿ, ಭಾರತವನ್ನು ಕಲ್ಕತ್ತೆಯೊಂದರಿಂದಲೇ ಆಳಬಾರದು, ಐದು ಪ್ರಾಂತಗಳಾಗಿ ಮಾಡಿ ಎಂದು ಸೂಚಿಸಿದ್ದರು.

ಇನ್ನೊಂದು ವಿಷಯ. ಪ್ರಾರ್ಥನೆ ಮತ್ತು ಕವಿತೆ ಸೇರಿಸಿ ಯುದ್ಧದ ವಿರುದ್ಧ ಹಾಡಿದ ದೊಡ್ಡ ಕೃತಿಗಳು ಮುಂದೆಯೂ ಬಂದವು. ಬೆಂಜಮಿನ್ ಬ್ರಿಟನ್ 1962ರಲ್ಲಿ ಕವೆಂಟ್ರಿಯ ಹೊಸ ಕೆಥೆಡ್ರಲ್‌ಗಾಗಿ, 1918ರಲ್ಲಿ ಯುದ್ಧ ನಿಲ್ಲಲು ಒಂದು ವಾರವಿರುವಾಗ ಸತ್ತ ವಿಲ್ಫ್ರೆಡ್ ಓವನ್ನನ ಕವಿತೆಗಳನ್ನು ಲ್ಯಾಟಿನ್ ಮೃತ್ಯುಪೂಜೆಯೊಂದಿಗೆ ಹೆಣೆದರು. ಕಾರ್ಲ್ ಜೆಂಕಿನ್ಸ್ 2000ದಲ್ಲಿ ಪ್ರಸ್ತುತಪಡಿಸಿದ ಕೃತಿಯಲ್ಲಿ ಮುಸ್ಲಿಮರ ಆಜಾನ್ ಇದೆ, ಹಿರೋಷಿಮಾದ ಕವಿ ತೋಗೆ ಸಾಂಕಿಚಿಯ ಕವಿತೆ ಇದೆ, ಅದರ ಬೆನ್ನಿಗೇ ನಮ್ಮ ಮಹಾಭಾರತದ ಖಾಂಡವದಹನ ಇದೆ. ಕಾಡು ಉರಿಯುತ್ತಿದೆ, ಪ್ರಾಣಿಗಳು ಚೀರುತ್ತಾ ಓಡುತ್ತಿವೆ. ಆ ಕಾಡಿನ ಎರಡು ಬದಿಗೆ ನಿಂತು, ತಪ್ಪಿಸಿಕೊಂಡು ಹೊರಬಂದವನ್ನು ಕೊಂದವರು ಕೃಷ್ಣ ಮತ್ತು ಅರ್ಜುನ. ನಾವು ಪ್ರೀತಿಸುವ ಇಬ್ಬರು. ಮೂವತ್ತು ವರ್ಷ ತರಗತಿಯಲ್ಲಿ ಖಾಂಡವದಹನ ಪಾಠ ಹೇಳಿದವನು ನಾನು, ವರ್ಣನೆಯ ಸೊಗಸನ್ನೇ ಹೇಳಿದೆ. ಆ ಚೀರಾಟದ ಬಗ್ಗೆ ಮಕ್ಕಳಿಗೆ ಒಂದು ಮಾತೂ ಹೇಳಲಿಲ್ಲ. ಹಿರೋಷಿಮಾದ ಪಕ್ಕದಲ್ಲಿ ಅದನ್ನು ಕೇಳಿದ ದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ಕೃತಿಯಲ್ಲೂ ಅದರ ನಂತರ ಬರುವುದು ‘ಆಗ್ನುಸ್ ದೇಯಿ’.

ಕೊಡಗಿನ ಮಳೆ:
ಮೇಷ್ಟ್ರೇ, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು.

ತಂಗಿ, ಅಮ್ಮನಿಗೆ ಕೊಡುವ ಹಾಳೆಯಲ್ಲಿ ನಾಲ್ಕನೆಯ ಭಾಗಕ್ಕೆ ‘ಶವಯಾತ್ರೆ’ ಎನ್ನುವ ಬದಲು ‘ಇಬ್ಬರು ಯೋಧರ ಕೊನೆಯ ಮೆರವಣಿಗೆ’ ಎಂದು ಹಾಕಬಹುದೇ? ನನ್ನದೊಂದು ಕೋರಿಕೆ.

ಆಲ್ಟೊ ಸಾಲಿನವಳು:
ಹಾಗೆಯೇ ಹಾಕಿದ್ದೇನೆ, ಅಣ್ಣ.

ಆಲ್ಟೊ ಸಾಲಿನವಳು:
ಕಾರ್ಯಕ್ರಮ ಶನಿವಾರ ಮುಗಿಯಿತು. ಎಲ್ಲರಿಗೂ ವರದಿ ಒಪ್ಪಿಸಬೇಕಾದ ಋಣ ನನ್ನ ಮೇಲಿದೆ.

ನನ್ನ ಪಕ್ಕದಲ್ಲಿ ನಿಲ್ಲುವ ಎಂಬತ್ತರ ಅಜ್ಜಿಯ ಸ್ವರಪುಸ್ತಕ ಅವರ ತಾಯಿಯದು. ಅವರೂ ಆಲ್ಟೊ ಹಾಡುತ್ತಿದ್ದವರು. ಕೊನೆಯ ಪುಟದಲ್ಲಿ, ‘ಪಾಚೆಮ್’ನ ಕೊನೆಯ ‘ಮ್’ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿದ್ದಾರೆ. ಅಲ್ಲಿ ತುಟಿ ಮುಚ್ಚಬೇಕು, ಬೇಗ ಮುಚ್ಚಿದರೆ ದನಿ ಸಾಯುತ್ತದೆ, ತಡವಾದರೆ ಒಬ್ಬರದೇ ದನಿ ಹೊರಗೆ ಚಾಚುತ್ತದೆ. ಆ ಸೊನ್ನೆಯನ್ನು ಅಳಿಸಿ ಅಳಿಸಿ ಮತ್ತೆ ಬರೆದಿದ್ದಾರೆ, ಕಾಗದವೇ ತೆಳ್ಳಗಾಗಿದೆ. ಶನಿವಾರ ನಾವೆಲ್ಲ ಒಟ್ಟಿಗೇ ತುಟಿ ಮುಚ್ಚಿದೆವು. ಸೊಪ್ರಾನೊ ಇನ್ನೂ ಸ್ವಲ್ಪ ಹೊತ್ತು ಉಳಿದಂತೆ ಅನ್ನಿಸಿತು. ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬಹಳ ಹೊತ್ತು.

ಅಮ್ಮ ನಾಲ್ಕನೆಯ ಸಾಲಿನಲ್ಲಿದ್ದರು. ಹಾಳೆಯಲ್ಲಿ ‘ನಮಗೆ ಶಾಂತಿಯನ್ನು ಕೊಡು’ ಎಂದೇ ಇತ್ತು, ಐದು ಕಡೆ, ಏನೂ ಬದಲಿಸದೆ. ಗುಳದ ಮಾತನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದು, ಇದನ್ನು ಹಾಡುವುದಿಲ್ಲ ಆದರೆ ಮೂಲದಲ್ಲಿದೆ ಎಂದು ಸೇರಿಸಿದ್ದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅಮ್ಮ ಹಾಳೆಯನ್ನು ತೆರೆದು, ಮೂರನೆಯ ಭಾಗದ ಮೇಲೆ ಬೆರಳಿಟ್ಟು, ‘ಈ ಪೆಟ್ಟಿಗೆಯಲ್ಲಿದ್ದವನ ಹೆಸರೇನು?’ ಎಂದು ಕೇಳಿದರು. ಕವಿತೆಯಲ್ಲಿ ಹೆಸರಿಲ್ಲ ಅಮ್ಮ ಎಂದೆ. ಅವರು ಹಾಳೆಯನ್ನು ಮಡಿಸಿ ಸೀರೆಯ ಸೆರಗಿನೊಳಗೆ ಇಟ್ಟುಕೊಂಡರು. ಮನೆ ತಲುಪುವವರೆಗೆ ಮತ್ತೆ ಮಾತನಾಡಲಿಲ್ಲ.

ನೇತ್ರಾವತಿ ದಡದವರೇ, ನಮ್ಮ ಕ್ವಾಯರ್‌ನಲ್ಲಿ ನಿಮ್ಮ ತುಳುವಿನ ಎರಡು ‘ನಾವು’ಗಳ ವಿಚಾರ ಹೇಳಿದೆ. ಅದನ್ನು ಬರೆದ ರೂಪದಲ್ಲಿ ನೋಡಬೇಕೆಂದು ನಿರ್ದೇಶಕರು ಕೇಳುತ್ತಿದ್ದಾರೆ. ಆ ಸಾಲನ್ನು ತುಳುವಿನಲ್ಲಿ ಬರೆದು ಕಳುಹಿಸುವಿರಾ?

ನೇತ್ರಾವತಿ ದಡ:
ಭಾನುವಾರದ ಆರಾಧನೆ ಮುಗಿದ ಮೇಲೆ ಕುಳಿತು ಬರೆಯುತ್ತೇನೆ, ಅಕ್ಕ. ಮೊದಲ ಭಾಗಕ್ಕೆ ‘ಎಂಕ್ಲೆಗ್’, ಮೂರನೆಯದಕ್ಕೆ ‘ನಂಕ್’. ಕೊನೆಯ ಪುಟಕ್ಕೆ ಯಾವುದು ಎಂದು ಇನ್ನೂ ತೀರ್ಮಾನಿಸಿಲ್ಲ. ನಮ್ಮ ಅಜ್ಜಿಯನ್ನು ಕೇಳುತ್ತೇನೆ.